ಬೆಂಕಿ ಕಂಬ ಕಾದ ನಮ್ಮ ಭಾವ

ಒಲೆಯ ವಿಷಯದಲ್ಲಿ ನಮ್ಮ ಭಾವನಂಥ ಜಿಪುಣರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಹಾಲು ಉಕ್ಕುವ ಮೊದಲೇ ಉರಿ ತಗ್ಗಿಸುತ್ತಾರೆ. ಆಲೂಗಡ್ಡೆ ಇನ್ನೂ ಕಲ್ಲಿನಂತಿರುವಾಗಲೇ ಒಲೆ ಆರಿಸಿ, "ಉಳಿದದ್ದು ಆ ಬಿಸೀಲೇ ಬೇಯುತ್ತೆ ಬಿಡೇ" ಎಂದು ಅಕ್ಕನಿಗೆ ಉಪದೇಶ ಮಾಡುತ್ತಾರೆ. ಬೇಯುವುದಿಲ್ಲ. ನಾವು ಕಟಕಟ ಅಗಿದು ನುಂಗುತ್ತೇವೆ. ಒಮ್ಮೆ ಅಕ್ಕ ತಟ್ಟೆ ಕುಕ್ಕಿ ಕೇಳಿಯೇಬಿಟ್ಟಳು, "ಅಲ್ಲಿ ಬೆಟ್ಟದಷ್ಟು ಉರಿಸಿ ಬರ್ತೀರ, ಇಲ್ಲಿ ಬೆರಳುದ್ದ ಉರಿಗೆ ಲೆಕ್ಕ ಹಾಕ್ತೀರಲ್ರೀ!" ಭಾವ ನಕ್ಕರು. "ಅದು ಕಂಪನಿದು ಕಣೇ. ಇದು ನಮ್ಮದು."

ಅಕ್ಕ ಹೇಳಿದ ಬೆಟ್ಟದಷ್ಟು ಉರಿ ಊರಿನ ಹೊರಗಿತ್ತು. ನಾಲ್ಕಂತಸ್ತಿನ ಮನೆಯಷ್ಟು ಎತ್ತರದ ಕಬ್ಬಿಣದ ಕಂಬ, ಅದರ ತುದಿಯಲ್ಲಿ ಹಗಲೂ ಇರುಳೂ ಬೆಂಕಿ. ನೆಲದಡಿಯ ಶೇಲ್ ಎಂಬ ಪದರುಗಲ್ಲಿಗೆ ನೀರು ಮರಳು ನುಗ್ಗಿಸಿ, ಅದನ್ನು ಸೀಳಿ, ಕಂಪನಿಯವರು ಎಣ್ಣೆ ತೆಗೆಯುತ್ತಿದ್ದರು. ಎಣ್ಣೆಯ ಜತೆ ಗ್ಯಾಸೂ ಬರುತ್ತಿತ್ತು. ಒಂದಷ್ಟು ಗ್ಯಾಸ್ ದಪ್ಪ ಕೊಳವೆಯಲ್ಲಿ ದೂರದ ಊರುಗಳಿಗೆ ಹೋಗುತ್ತಿತ್ತು, ಮಿಕ್ಕಿದ್ದು ಈ ಕಂಬಕ್ಕೆ. ಆ ಬೆಂಕಿ ಆರದಂತೆ ನೋಡಿಕೊಳ್ಳುವುದು ಭಾವನ ಕೆಲಸ. ಆರಿದರೆ ಗ್ಯಾಸ್ ಹಾಗೇ ಹರಡಿ, ಎಲ್ಲೋ ಒಂದು ಕಿಡಿ ಬಿದ್ದು ಊರಿಗೂರೇ ಹೊತ್ತಿಕೊಂಡೀತು ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದರಂತೆ. ಭಾವ ಆ ಮಾತನ್ನು ಎದೆಗೆ ಹಚ್ಚಿಕೊಂಡುಬಿಟ್ಟರು. ಗಾಳಿ ಜೋರಾದರೆ ಸಾಕು, ಅವರ ದಿನವಲ್ಲದಿದ್ದರೂ ತುತ್ತು ಬಿಟ್ಟು ಅತ್ತ ಓಡುವರು. ಎದುರು ಗುಡ್ಡದ ಸಾಲಿನಲ್ಲಿ ಗಾಳಿಯಿಂದ ಕರೆಂಟು ಮಾಡುವ ಬಿಳಿ ರೆಕ್ಕೆಗಳು ಗರಗರ ತಿರುಗುವುದನ್ನು ನೋಡಿ, "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಎಂದು ಗೊಣಗುವರು.

ಈ ಕೆಲಸಕ್ಕೆ ಸೇರುವ ಮುಂಚೆ ಅವರು ನಮ್ಮ ಬೇಕರಿಯ ಬ್ರೆಡ್ಡನ್ನು ಸೈಕಲ್ ಮೇಲೆ ಬೀದಿಬೀದಿಗೆ ಹಂಚುತ್ತಿದ್ದವರು. ಅಪ್ಪ ಅವರ ಕಾಲಿನ ಬಲ ನೋಡಿಯೇ ಮಗಳನ್ನು ಕೊಟ್ಟಿದ್ದು ಎಂದು ನಾನು ಈಗಲೂ ರೇಗಿಸುತ್ತೇನೆ. ಬೇಕರಿ ಅಪ್ಪನದು. ಅದರ ಹಿಂದೆಯೇ ಮನೆ. ಬ್ರೆಡ್ ಬೇಯಿಸಲು ಸೌದೆ ಉರಿಸುವ ಇಟ್ಟಿಗೆಯ ಗೂಡನ್ನು ಅಪ್ಪ ತನ್ನ ಕೈಯಾರೆ ಕಟ್ಟಿದ್ದ. ಅಪ್ಪ ಹೋದ ಮೇಲೆ ಅಕ್ಕ ಬೇಯಿಸುವವಳು, ನಾನು ಹಿಟ್ಟು ನಾದುವವಳು. ನನ್ನ ಬಾಯಿಗಿಂತ ಕೈ ಚುರುಕು ಎಂದು ಅಕ್ಕ ಹೇಳುತ್ತಾಳೆ, ಆದರೆ ಅವಳು ನನ್ನ ಬಾಯಿಯ ಪೂರ್ತಿ ವೇಗವನ್ನು ಇನ್ನೂ ನೋಡಿಲ್ಲ.

ಕಂಬದ ಬೆಂಕಿಯನ್ನು ಊರಿನವರು ನಾಡಿ ನೋಡಿದಂತೆ ನೋಡುತ್ತಿದ್ದರು. ಬೆಂಕಿ ತಗ್ಗಿದರೆ ಮುಖಗಳೂ ತಗ್ಗುತ್ತಿದ್ದವು. ಏರಿದರೆ ಮನೆ ಬಾಡಿಗೆ ಏರುತ್ತಿತ್ತು. ಭಾವ ಕೆಲಸ ಮುಗಿಸಿ ಬರುವಾಗ ಎದುರು ಸಾಲಿನ ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಬಾಗಿಲಿಗೆ ಬರುತ್ತಿದ್ದ. "ಏನು ಬೆಂಕಿಯಣ್ಣ, ಇವತ್ತು ಹೇಗಿದೆ?" ಭಾವ ಅಂಗೈ ಎತ್ತಿ ಎತ್ತರ ತೋರಿಸುತ್ತಿದ್ದರು. ಅದೇ ಆ ದಿನದ ವಾರ್ತೆ. "ಪಾತ್ರೆ ತುಂಬಿದ ಮೇಲೆ ತಾನೆ ಹಾಲು ಉಕ್ಕೋದು? ಇಷ್ಟು ಉಕ್ತಾ ಇದೆ ಅಂದ್ರೆ ಒಳಗೆ ಎಷ್ಟಿರಬೇಡ!" ಎಂದು ಕ್ಷೌರದವನು ಕುರ್ಚಿಯಲ್ಲಿ ಕೂತವನ ಅರ್ಧ ಬೋಳಿಸಿದ ಗಲ್ಲಕ್ಕೆ ಹೇಳುತ್ತಿದ್ದ. ನಾವೆಲ್ಲ ನಂಬಿದೆವು. ನಾನೂ ನಂಬಿದೆ. ನಂಬದಿರಲು ನಮಗೇನು ಗೊತ್ತಿತ್ತು?

ಕಳೆದ ವರ್ಷ ಬೆಂಕಿ ಹಿಂದೆಂದೂ ಇಲ್ಲದಷ್ಟು ಬೆಳೆಯಿತು. ಬೇಕರಿಯ ಬಾಗಿಲಲ್ಲಿ ನಿಂತರೆ ಅದರ ಮೊರೆತ ಕೇಳುತ್ತಿತ್ತು. ಅದೇ ಸಮಯಕ್ಕೆ ಕಂಪನಿಯವರು ವೃತ್ತದಲ್ಲಿ ಒಂದು ಬೋರ್ಡು ನೆಟ್ಟರು. ನೀಲಿ ಉರಿಯ ಮುಂದೆ ಒಬ್ಬಳು ಹಲ್ಲು ಕಿರಿದು ನಿಂತ ಚಿತ್ರ. ಕೆಳಗೆ, "ನಿಮ್ಮ ನೆಲದ ಗ್ಯಾಸ್ ಕೊಳವೆಯಲ್ಲಿ ನಿಮ್ಮ ಒಲೆಗೆ, ಶೀಘ್ರದಲ್ಲೇ." ಕಂಪನಿಯ ಕೆಲಸಗಾರರ ಬಿಡಾರದಿಂದ ಬ್ರೆಡ್ಡಿಗೆ ಬೇಡಿಕೆ ಹೆಚ್ಚುತ್ತಲೇ ಇತ್ತು, ಅಪ್ಪನ ಗೂಡು ಏದುಸಿರು ಬಿಡುತ್ತಿತ್ತು. ಅಂಗಡಿಯಲ್ಲಿ ಇನ್ನೊಂದು ಗೂಡಿಗೆ ಜಾಗವಿರಲಿಲ್ಲ. ಗ್ಯಾಸಿನ ಗೂಡು ಬರಬೇಕಾದರೆ ಅಪ್ಪನದು ಹೋಗಬೇಕು.

ಅಕ್ಕ ವಾರಗಟ್ಟಲೆ ಒದ್ದಾಡಿದಳು. ಕೊನೆಗೆ ಒಂದು ಬೆಳಿಗ್ಗೆ, ಭಾವ ಬೂಟು ಹಾಕಿಕೊಳ್ಳುತ್ತಿದ್ದಾಗ, ಬಾಗಿಲಿಗೆ ಅಡ್ಡ ನಿಂತು ಕೇಳಿದಳು.

"ರೀ, ದಿನಾ ಅದರ ಬುಡದಲ್ಲೇ ಇರೋರು ನೀವು. ಸರಿಯಾಗಿ ಹೇಳಿ. ಅಪ್ಪನ ಗೂಡು ಒಡೆಸಲಾ?"

ಭಾವ ಒಂದು ಬೂಟು ಕೈಯಲ್ಲಿ ಹಿಡಿದೇ ಯೋಚಿಸಿದರು. "ಎಂಟು ವರ್ಷದಲ್ಲಿ ಇಷ್ಟೆತ್ತರ ನಾನು ನೋಡೇ ಇಲ್ಲ ಕಣೇ. ಕೊಳವೆ ಬಂದೇ ಬರುತ್ತೆ. ಒಡೆಸು."

ಒಡೆಸಿದಳು. ಮೊದಲ ಏಟು ಬಿದ್ದಾಗ ಅಕ್ಕ ಒಳಗೆ ಹೋಗಿ ಕದ ಹಾಕಿಕೊಂಡಳು. ಆ ಇಟ್ಟಿಗೆಯೆಲ್ಲ ಪಕ್ಕದ ಬೀದಿಯ ಹೊಸ ವಸತಿಗೃಹದ ಕಕ್ಕಸಿನ ಗೋಡೆಗೆ ಹೋಯಿತು. ಹೊಳೆಯುವ ಗ್ಯಾಸಿನ ಗೂಡು ಬಂತು. ಕೊಳವೆ ಬರುವ ತನಕ ಸಿಲಿಂಡರಿನಲ್ಲಿ ನಡೆಸೋಣ ಎಂದುಕೊಂಡೆವು. ಸಿಲಿಂಡರಿನ ಬೆಲೆ ನೋಡಿ ನನ್ನ ಕಣ್ಣು ಮೇಲೆ ಸಿಕ್ಕಿಕೊಂಡಿತು. ಬ್ರೆಡ್ ಮಾರಿದ್ದೆಲ್ಲ ಅದರ ಹೊಟ್ಟೆಗೇ. "ಕೊಳವೆ ಬರಲಿ, ತಡಿ" ಎನ್ನುತ್ತಿದ್ದಳು ಅಕ್ಕ. ಊರಾಚೆ ನಮ್ಮದೇ ನೆಲದ ಗ್ಯಾಸ್ ಆಕಾಶಕ್ಕೆ ಉರಿಯುತ್ತಿತ್ತು, ನಾವು ಹನಿಹನಿ ಕೊಂಡು ಬ್ರೆಡ್ ಸುಡುತ್ತಿದ್ದೆವು. ಆಗಲೂ ನಮಗೆ ಅದು ವಿಚಿತ್ರ ಅನ್ನಿಸಲಿಲ್ಲ ನೋಡಿ.

ಒಂದು ದಿನ ಮಟಮಟ ಮಧ್ಯಾಹ್ನ, ಹಿಟ್ಟು ನಾದುತ್ತಿದ್ದ ನನಗೆ ಕಿವಿ ಗವ್ವೆಂದಿತು. ಏನಾಯಿತೆಂದು ಕ್ಷಣ ತಿಳಿಯಲಿಲ್ಲ. ಮೊರೆತ ನಿಂತಿತ್ತು. ಹೊರಗೆ ಓಡಿದೆ. ಬೀದಿಯ ಜನವೆಲ್ಲ ಹೊರಗೇ ಇದ್ದರು, ಕ್ಷೌರದವನು ಬಾಯಿ ತೆರೆದು ಆಕಾಶ ನೋಡುತ್ತಿದ್ದ. ಕಂಬ ಇತ್ತು. ಬೆಂಕಿ ಇರಲಿಲ್ಲ. ಗಾಳಿಗೆ ಆರಿತೆ? ಗ್ಯಾಸ್ ಹರಡುತ್ತಿದೆಯೆ? ಭಾವ ಎಲ್ಲಿ? ಅಕ್ಕ ಬರಿಗಾಲಲ್ಲೇ ಅತ್ತ ಓಡತೊಡಗಿದಳು.

ಬೀದಿಯ ತಿರುವಿನಲ್ಲಿ ಭಾವ ನಡೆದು ಬರುತ್ತಿದ್ದರು. ಹೆಲ್ಮೆಟ್ ಕೈಯಲ್ಲಿತ್ತು. ಅಕ್ಕ ಅವರ ತೋಳು, ಬೆನ್ನು, ಮುಖ ಎಲ್ಲ ಮುಟ್ಟಿ ನೋಡಿದಳು.

"ಏನಾಯ್ತ್ರೀ? ಹೇಗೆ ಆರಿತು?"

"ಆರಲಿಲ್ಲ. ನಾನೇ ಆರಿಸಿದೆ. ಫೋನ್ ಮಾಡಿ ಆರಿಸು ಅಂದ್ರು. ಬಾವಿಗಳನ್ನೆಲ್ಲ ಮುಚ್ಚಿಬಿಟ್ರಂತೆ." ಅಷ್ಟು ಹೇಳಿ ಅವರು ಬೇಕರಿಯ ಮೆಟ್ಟಿಲ ಮೇಲೆ ಕುಸಿದರು. ನೀರು ಕೊಟ್ಟರೆ ಲೋಟ ಪಕ್ಕಕ್ಕಿಟ್ಟು ಕಂಬದತ್ತಲೇ ನೋಡಿದರು.

ಸ್ವಲ್ಪ ಹೊತ್ತಿಗೆ ಕಂಪನಿಯ ಮ್ಯಾನೇಜರನ ಜೀಪು ಬಂದು ನಿಂತಿತು. ಬಿಡಾರ ಖಾಲಿಯಾಗುತ್ತಿದೆ, ನಾಳೆಯಿಂದ ಬ್ರೆಡ್ ಬೇಡ ಎನ್ನಲು ಬಂದಿದ್ದ. ಕೆಟ್ಟ ಮನುಷ್ಯನಲ್ಲ. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು ಇತ್ತು. ಅವನ ಕೆಲಸವೂ ಹೋಗಿತ್ತಂತೆ.

"ಹಾಗಾದ್ರೆ ನಮ್ಮ ಕೊಳವೆ ಸಾರ್?" ಎಂದಳು ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ನಿಂತಿದ್ದ ಅಕ್ಕ.

"ಅದು ಬರಲ್ಲಮ್ಮ."

"ಬೆಂಕಿ ಅಷ್ಟೆತ್ತರ ಉರೀತಿತ್ತಲ್ಲ! ಅಷ್ಟು ಚೆನ್ನಾಗಿತ್ತಲ್ಲ!"

ಮ್ಯಾನೇಜರ್ ಅವಳನ್ನು ಅರ್ಥವಾಗದವನಂತೆ ನೋಡಿದ. "ಚೆನ್ನಾಗಿತ್ತಾ? ಅಮ್ಮಾ, ಉರಿ ಎತ್ತರ ಆದಷ್ಟೂ ನಮ್ಮ ಗತಿ ಕೆಟ್ಟಿದೆ ಅಂತ ಅರ್ಥ. ಎಲ್ಲ ಕಡೆ ಎಲ್ಲರೂ ಒಟ್ಟಿಗೇ ಕೊರೆದ್ರು. ದೂರದ ಊರಿಗೆ ಹೋಗೋ ಕೊಳವೆ ತುಂಬಿ ಹೋಯ್ತು. ಗಾಳಿ ಬೀಸಿದ ದಿನ ಆ ಗುಡ್ಡದ ಕರೆಂಟು ಅಗ್ಗ, ಬಿಸಿಲು ಬಿದ್ದ ದಿನ ಸೋಲಾರ್ ಕರೆಂಟು ಅಗ್ಗ. ನಮ್ಮ ಗ್ಯಾಸಿನಿಂದ ಕರೆಂಟು ಮಾಡೋರು ಆಗ ಕೊಳ್ಳೋದೇ ಇಲ್ಲ. ಕೊಳ್ಳೋರಿಲ್ಲದ ಗ್ಯಾಸ್ ಕಂಬಕ್ಕೆ. ಕೊನೇಗೆ ಗ್ಯಾಸಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಯ್ತು."

"ಸೊನ್ನೆಗಿಂತ ಕೆಳಗೆ ಬೆಲೆನಾ? ಅಂದ್ರೆ ನಾನು ಬ್ರೆಡ್ ಕೊಟ್ಟು, ತಗೊಂಡಿದ್ದಕ್ಕೆ ಅವರಿಗೆ ದುಡ್ಡೂ ಕೊಟ್ಟ ಹಾಗೆ?" ಎಂದಳು ಅಕ್ಕ.

"ಹಾಗೇ."

ನನ್ನ ಕೈಗೆ ಅಂಟಿದ್ದ ಹಿಟ್ಟು ಒಣಗಿ ಬಿಗಿಯುತ್ತಿತ್ತು, ನನಗೆ ಅದನ್ನು ಕೆರೆಯುವುದೂ ತೋಚಲಿಲ್ಲ. ಯಾವ ಗಾಳಿಯಿಂದ ಬೆಂಕಿ ಉಳಿಸಲು ಭಾವ ತುತ್ತು ಬಿಟ್ಟು ಓಡುತ್ತಿದ್ದರೋ, ಅದೇ ಗಾಳಿ ಗುಡ್ಡದ ಮೇಲೆ ರೆಕ್ಕೆ ತಿರುಗಿಸಿ ಆ ಬೆಂಕಿಯ ಬೆಲೆಯನ್ನೇ ತೆಗೆದಿತ್ತು. ಅದನ್ನು ಕಾಯ್ದುಕೊಂಡಿದ್ದವರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ.

"ಎಣ್ಣೆ ತೆಗೀಬಹುದಲ್ಲ?" ಎಂದೆ ನಾನು.

"ಈ ಬಾವಿಗಳು ಮೊದಲ ವರ್ಷ ಚಿಮ್ಮುತ್ವೆ. ಎರಡನೇ ವರ್ಷ ಅರ್ಧವೂ ಇರಲ್ಲ. ಹೊಸದು ಕೊರೀತಾನೇ ಇರಬೇಕು. ಈಗಿನ ಬೆಲೇಲಿ ಕೊರೆದ್ರೆ ಮುಳುಗ್ತೀವಿ."

ಅಕ್ಕ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಹೊರಗೆ ಬಂದಳು. ಅವಳ ದನಿ ಏರಲಿಲ್ಲ, ಅದೇ ನನಗೆ ಭಯ ಹುಟ್ಟಿಸಿದ್ದು. "ಸಾರ್, ಬೆಲೆ ಇಲ್ಲ ಅಂದ ಮೇಲೆ ಸುಡೋ ಬದಲು ನಮಗೇ ಕೊಡಬಹುದಿತ್ತಲ್ಲ."

"ಗ್ಯಾಸ್ ಬಿಟ್ಟಿ ಕೊಡಬಹುದಮ್ಮ. ಅದನ್ನ ಶುದ್ಧ ಮಾಡೋ ಯಂತ್ರ, ಒತ್ತಡ ಇಳಿಸೋ ಯಂತ್ರ, ಬೀದಿಬೀದಿಗೆ ಕೊಳವೆ, ಇದಕ್ಕೆಲ್ಲ ಹಾಕೋ ದುಡ್ಡು ಈ ಸಣ್ಣ ಊರಲ್ಲಿ ಯಾವ ಜನ್ಮಕ್ಕೂ ಹುಟ್ಟಲ್ಲ. ಲೆಕ್ಕ ಹಾಕಿ ನೋಡಿದ್ವಿ. ಸುಡೋದೇ ಅಗ್ಗ."

ಸುಡೋದೇ ಅಗ್ಗ. ನನ್ನ ಬಾಯಿಯ ಪೂರ್ತಿ ವೇಗ ತೋರಿಸಬೇಕಾದ ಹೊತ್ತು ಅದು, ನಾಲಿಗೆ ಏಳಲಿಲ್ಲ. ಮೆಟ್ಟಿಲ ಮೇಲಿದ್ದ ಭಾವ ಮಾತ್ರ ಮೆಲ್ಲಗೆ ಕೇಳಿದರು, "ಹಾಗಾದ್ರೆ ಆ ಬೋರ್ಡು?"

"ಅದು ಪ್ರಚಾರದವರು ಹಾಕಿದ್ದು" ಎಂದು ಮ್ಯಾನೇಜರ್ ತಲೆ ತಗ್ಗಿಸಿದ.

ಹೊರಡುವ ಮುನ್ನ ಜೀಪಿನಿಂದ ಏನನ್ನೋ ಇಳಿಸಿದ. ಎಂಟು ವರ್ಷ ಒಮ್ಮೆಯೂ ಬೆಂಕಿ ಆರದಂತೆ ನೋಡಿಕೊಂಡ ನಿಷ್ಠೆಗೆ ಕಂಪನಿಯ ಉಡುಗೊರೆ. ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿದ, ತುಂಬಿದ, ಅಡುಗೆ ಗ್ಯಾಸಿನ ಒಂದು ಸಿಲಿಂಡರು. ಜೀಪು ಹೋದ ಮೇಲೆ ನಾನು ಅದರ ಮೇಲಿನ ಚೀಟಿ ಓದಿದೆ. ಯಾವುದೋ ದೇಶದಿಂದ ಹಡಗಿನಲ್ಲಿ ಬಂದ ಗ್ಯಾಸ್. ನನಗೆ ನಗು ಬಂತು. ನಗುತ್ತಾ ನಗುತ್ತಾ ಅದು ಅಳುವಾಗಿದ್ದು ನನಗೇ ತಿಳಿಯಲಿಲ್ಲ.

ಮುಂದಿನ ವಾರದೊಳಗೆ ಊರು ಅರ್ಧ ಬರಿದಾಯಿತು. ವಸತಿಗೃಹಕ್ಕೆ ಬೀಗ ಬಿತ್ತು. ಕ್ಷೌರದವನು ತನ್ನ ಕುರ್ಚಿಯಲ್ಲಿ ತಾನೇ ಕೂತು ಪತ್ರಿಕೆ ಓದತೊಡಗಿದ, ಭಾವನನ್ನು ಕಂಡರೆ ಪತ್ರಿಕೆಯನ್ನು ಮುಖಕ್ಕೆ ಹಿಡಿಯುತ್ತಿದ್ದ. ಸಿಲಿಂಡರು ಕೊಂಡು ಬ್ರೆಡ್ ಸುಟ್ಟರೆ ಹಿಟ್ಟಿನ ಅಸಲೂ ಹುಟ್ಟುವಂತಿರಲಿಲ್ಲ. ಅಕ್ಕ ಹೊಸ ಗೂಡಿಗೆ ಹಳೆಯ ಬೆಡ್‌ಶೀಟ್ ಹೊದಿಸಿದಳು. ನನಗೆ ಬುದ್ಧಿ ತಿಳಿದಂದಿನಿಂದ ಬ್ರೆಡ್ಡಿನ ವಾಸನೆ ಇಲ್ಲದೆ ನಾನು ಎದ್ದದ್ದು ಆಗಲೇ ಮೊದಲು. ಭಾವ ಅಕ್ಕನ ಎದುರು ಕೂರುತ್ತಿರಲಿಲ್ಲ. ಅವಳು ಈ ಕೋಣೆಗೆ ಬಂದರೆ ಅವರು ಆ ಕೋಣೆಗೆ. 'ಒಡೆಸು' ಎಂದಿದ್ದ ಮಾತನ್ನು ಅಕ್ಕ ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ.

ಒಂದು ಸಂಜೆ ನಾನೂ ಅಕ್ಕನೂ ಹೊರಗಿನಿಂದ ಬಂದಾಗ ಅಡುಗೆಮನೆಯಿಂದ ಬುಸ್ಸೆನ್ನುವ ಸದ್ದು. ರಿಬ್ಬನ್ ಕಟ್ಟಿದ ಸಿಲಿಂಡರು ಒಲೆಗೆ ಜೋಡಿಸಿತ್ತು. ಒಲೆ ದೊಡ್ಡ ಉರಿಯಲ್ಲಿ ಉರಿಯುತ್ತಿತ್ತು. ಮೇಲೆ ಪಾತ್ರೆಯಿಲ್ಲ, ಏನೂ ಇಲ್ಲ. ಭಾವ ಮಣೆ ಹಾಕಿಕೊಂಡು ಎದುರಿಗೆ ಕೂತು ನೋಡುತ್ತಿದ್ದರು. ಆಲೂಗಡ್ಡೆ ಬೇಯಲು ಬಿಡದ ನಮ್ಮ ಭಾವ! ಇವರಿಗೆ ತಲೆ ಕೆಟ್ಟಿತು ಎಂದೇ ತಿಳಿದೆ.

"ರೀ! ಮೇಲೆ ಏನೂ ಇಟ್ಟೇ ಇಲ್ವಲ್ರೀ. ಸುಮ್ನೆ ಉರೀತಿದೆ!" ಎಂದಳು ಅಕ್ಕ.

ಭಾವ ತಿರುಗಲಿಲ್ಲ. "ಹೌದು ಕಣೇ. ಎಂಟು ವರ್ಷ ನಾನು ಮಾಡಿದ್ದು ಇದೇ. ಊರು ಕಾಯ್ತಿದೀನಿ ಅಂದ್ಕೊಂಡಿದ್ದೆ. ಇದನ್ನೇ ಮಾಡ್ತಿದ್ದೆ. ನಿಂಗೆ ಅಪ್ಪನ ಗೂಡು ಒಡೆಸು ಅಂದಿದ್ದೂ ಇದನ್ನ ನೋಡೇ."

ನಾನು ಒಲೆ ಆರಿಸಲು ಮುಂದೆ ಹೋದೆ. ಅಕ್ಕ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಪಾತ್ರೆಗೆ ನೀರು ಹಿಡಿದು ತಂದು ಆ ಉರಿಯ ಮೇಲಿಟ್ಟಳು. ಇನ್ನೊಂದು ಮಣೆ ಎಳೆದುಕೊಂಡು ಭಾವನ ಪಕ್ಕದಲ್ಲೇ ಕೂತಳು.

"ನಾಳೆ ಸೈಕಲ್ ತೆಗೀರಿ" ಎಂದಳು. "ಆ ವಸತಿಗೃಹದೋನು ಹಾಳು ಕಕ್ಕಸು ಕೆಡವಿ ಅಪ್ಪನ ಇಟ್ಟಿಗೆ ವಾಪಸ್ಸು ಕೊಡ್ತಾನಾ ಕೇಳೋಣ."

"ಕಕ್ಕಸಿನ ಇಟ್ಟಿಗೇಲಿ ಬ್ರೆಡ್ಡಾ?" ಎಂದೆ ನಾನು, ತಡೆಯಲಾರದೆ.

"ಬೆಂಕಿ ಬಿದ್ರೆ ಎಲ್ಲ ಶುದ್ಧ. ನೀನು ಬಾಯಿ ಮುಚ್ಚಿ ಟೀಪುಡಿ ಕೊಡು" ಎಂದಳು ಅಕ್ಕ.

ನೀರು ಕುದಿಯಿತು. ಭಾವ ಈ ಸಲ ಉರಿ ತಗ್ಗಿಸಲಿಲ್ಲ, ಟೀ ಚೆನ್ನಾಗಿ ಕುದಿದು ಬಣ್ಣ ಬಿಡುವ ತನಕ ಕಾದರು. ಅಕ್ಕ ಪಾತ್ರೆ ಇಳಿಸಿದ ಮೇಲೆ ಅವರೇ ಕೈ ಚಾಚಿ ಒಲೆ ಆರಿಸಿದರು.