ಹೊಲ ನಪಾಸಾದ ಕಥೆ

ಮೊಮ್ಮಗಳು ರಾಯಚೂರಿನ ಸಾಲೆಯೊಂದರಲ್ಲಿ ಟೀಚರ್. ಮೊನ್ನೆ ಮರುದಿನದ ಪಾಠಕ್ಕೆಂದು ನನ್ನ ಡೈನಿಂಗ್ ಟೇಬಲ್ಲಿನ ಮೇಲೆ ಮಣ್ಣು ಕಲಸುತ್ತ ಕೂತಿದ್ದಳು. ಬೈಯಬೇಕೆಂದು ಬಾಯಿ ತೆರೆದೆ. ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ, ನಿಜಾಮರ ಕಾಲದ ಮಾನ್ವಿಗೆ ಹೋಗಿಬಿಟ್ಟೆ. ನೀವೂ ಬನ್ನಿ, ಚಪ್ಪಲಿ ಹೊರಗೆ ಬಿಡಿ; ಕ್ಲಾಸಿನ ನೆಲಕ್ಕೆ ಈಗಷ್ಟೇ ಸಗಣಿ ಸಾರಿಸಿದೆ.

ಕಾನ್ವೆಂಟಿನಿಂದ ಹೊಸದಾಗಿ ಬಂದ ಟೀಚರ್ ನಾನು. ಮಕ್ಕಳಿಗೆ ಉತ್ತರ ಹೇಳಬಾರದು, ಅವರೇ ಹುಡುಕಿಕೊಳ್ಳಬೇಕೆಂಬ ಹುಚ್ಚು. 'ಯಾವ ಮಣ್ಣು ಉತ್ತಮ?' ಎಂದು ನೀಟಾಗಿ ಪ್ಲಾನ್ ಬರೆದು, ಮೂರು ಖಾಲಿ ಡಬ್ಬಿ ತರಲು ಹೇಳಿದೆ. ಹದಿನೇಳು ಬಂದವು. ಒಂದರಲ್ಲಿ ಯಾರದೋ ಅಜ್ಜನ ನಶ್ಯ ಉಳಿದಿತ್ತು. ಇಡೀ ಕ್ಲಾಸು ಅರ್ಧ ಗಂಟೆ ಸೀನಿತು. ಇನ್ನೊಂದಕ್ಕಾಗಿ ತಾಯಿಯೊಬ್ಬಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅಷ್ಟರಲ್ಲಿ ಅದರ ತಳಕ್ಕೆ ನಾನು ತೂತು ಹೊಡೆದಾಗಿತ್ತು. ಸಾರಿ ಅಂದೆ. ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಪುಣ್ಯ.

ತೂತಿನ ಡಬ್ಬಿಗಳಿಗೆ ಹಳ್ಳದ ಉಸುಕು, ಕೆಂಪು ಮಣ್ಣು, ಕ್ಲಾಸಿನ ಹುಡುಗಿ ಹಂಪಮ್ಮ ತನ್ನಪ್ಪನ ಹೊಲದಿಂದ ತಂದ ಕರಿಮಣ್ಣು ತುಂಬಿ, ಒಂದೊಂದು ಲೋಟ ನೀರು ಹಾಕಿದೆವು. ಎರಡರಿಂದ ನೀರು ತೊಟ್ಟಿಕ್ಕಿತು. ಕರಿಮಣ್ಣು ಒಂದು ಹನಿಯನ್ನೂ ಬಿಡಲಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳ ಗುಲಾಬಿ ಗಾರ್ಡನ್ನಿನಲ್ಲಿ ನೀರು ಸರಾಗ ಇಳಿಯುವ ಮಣ್ಣೇ ಶ್ರೇಷ್ಠವೆಂದು ಕಲಿತವಳು ನಾನು. ಮಕ್ಕಳು ಹುಡುಕುವ ತನಕ ತಾಳದೆ ಬೋರ್ಡಿನ ಮೇಲೆ ಬರೆದೆ: ಕರಿಮಣ್ಣು ನಪಾಸು.

ಮರುದಿನ ಬಾಗಿಲಲ್ಲಿ ಹಂಪಮ್ಮನ ಅಪ್ಪ ಅಮರಪ್ಪ ನಿಂತಿದ್ದ.

"ಅಕ್ಕಾರ, ಹುಡುಗೀನ್ನ ನಪಾಸ್ ಮಾಡ್ರಿ, ಬ್ಯಾಡನ್ನಂಗಿಲ್ಲ. ನನ್ನ ಹೊಲಾ ಯಾಕ ನಪಾಸ್ ಮಾಡೀರಿ? 'ನಿನ್ನ ಹೊಲಾ ಮತ್ತ ಪರೀಕ್ಷಾಕ ಕುಂದ್ರತದೇನು' ಅಂತ ಸಂತ್ಯಾಗ ಮಂದಿ ಕೇಳಾಕತ್ತಾರ. ಸಾಕು, ಈಕಿ ಇನ್ನ ಸಾಲಿಗೆ ಬರಾಂಗಿಲ್ಲ."

ಅವಳನ್ನು ಕಳೆದುಕೊಳ್ಳುವಂತಿರಲಿಲ್ಲ. ಆ ಕ್ಲಾಸಿನಲ್ಲಿ 'ಯಾಕ್ರೀ?' ಎಂದು ಕೇಳುವವಳು ಅವಳೊಬ್ಬಳೇ.

"ನೀರು ಕೆಳಗ ಇಳಿದು ಹೋಗಬೇಕಲ್ರೀ" ಎಂದೆ.

"ಎಲ್ಲಿಗಿ ಹೋಗಬೇಕ್ರೀ, ಪಾತಾಳಕ್ಕ? ಮಳಿ ನಿಂತ ಮ್ಯಾಲ ನನ್ನ ಜ್ವಾಳಕ್ಕ ನೀವು ಕೊಡಾ ಹೊತ್ತು ನೀರು ಹಾಕತೀರೇನು?"

ಗುಲಾಬಿ ಗಾರ್ಡನ್ನಿಗೆ ದಿನಾ ನೀರು ಹಾಕುತ್ತಿದ್ದದ್ದು ನನಗೆ ಆಗ ನೆನಪಾಯಿತು. ಅಪ್ಪನ ಹಿಂದಿನಿಂದ ಹಂಪಮ್ಮ ಇಣುಕಿದಳು: "ಯಪ್ಪಾ, ಮೂರೂ ಡಬ್ಬ್ಯಾಗ ಜ್ವಾಳಾ ಊರಿ, ಮತ್ತ ನೀರು ಹಾಕದಂಗ ಬಿಟ್ಟು ನೋಡೂನೇನು?"

ಫಲ ತಿಳಿಯುವ ತನಕ ಮಗಳು ಸಾಲೆಗೆ ಬರಲೆಂದು ಅಮರಪ್ಪ ಒಪ್ಪಿದ. ನನ್ನ ಮೇಲೆ ನಂಬಿಕೆಯಿಲ್ಲದೆ ದಿನಾ ಬೆಳಿಗ್ಗೆ ತಾನೂ ಬಂದು ಡಬ್ಬಿಗೆ ಬೆರಳು ಹಾಕಿ ನೋಡುತ್ತಿದ್ದ. "ಕೆಂಪು ಮಣ್ಣಿಗಿ ಕದ್ದು ನೀರು ಹಾಕೀರಿ ಮತ್ತ!" ಉಸುಕಿನ ಮೊಳಕೆ ಮೊದಲು ಬಾಡಿತು, ಆಮೇಲೆ ಕೆಂಪು ಮಣ್ಣಿನದು. ಕರಿಮಣ್ಣಿನ ಸಸಿ ಮಾತ್ರ ಹಸಿರಾಗಿ ನಿಂತಿತ್ತು. ನಾನು ಬೋರ್ಡು ಒರೆಸಿದೆ.

"ಹೊಲಾ ಪಾಸಾತು. ಹುಡುಗಿ ಬರ್ತಾಳ ಬಿಡ್ರಿ" ಎಂದ ಅಮರಪ್ಪ. ಹೊಸ್ತಿಲು ದಾಟುವಾಗ ತಿರುಗಿ, "ಅಕ್ಕಾರ, ನೀವೂ ಚಲೋತ್ನಂಗ ಓದ್ರಿ" ಎಂದ.

ಆ ತಿಂಗಳ ರಿಪೋರ್ಟಿನಲ್ಲಿ ಜೋಳದ ಪ್ರಯೋಗ ನನ್ನದೇ ಪ್ಲಾನ್ ಎಂದು ಬರೆದೆ. ಇನ್‌ಸ್ಪೆಕ್ಟರು ಮೆಚ್ಚಿದರು, ಬರಬರುತ್ತ ನಾನೂ ಅದನ್ನೇ ನಂಬಿದೆ.

ಮೊಮ್ಮಗಳಿಗೂ ಕಥೆಯನ್ನು ರಿಪೋರ್ಟಿನಲ್ಲಿದ್ದಂತೆಯೇ ಹೇಳಿದೆ. ಕೇಳಿ ಬಿದ್ದು ಬಿದ್ದು ನಕ್ಕಳು. "ಅಜ್ಜೀ, ಜ್ವಾಳಾ ಊರೋದು ಎಂಥಾ ಐಡಿಯಾ ನಿಂದು!"

ಇಷ್ಟು ವರ್ಷ ಯಾರು ಹೀಗೆ ಹೊಗಳಿದರೂ ನಾನು ಮುಗುಳ್ನಗುತ್ತಿದ್ದೆ.

"ನಂದಲ್ಲವ್ವ," ಎಂದೆ ಮೊನ್ನೆ. "ಹಂಪಮ್ಮಂದು."