‘ರೋಗಿಯ ಇಷ್ಟಗಳು’ ಎಂಬ ಖಾನೆ

ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಪೂಜ್ಯ ಮೇಡಂ ಅವರ ಶಿಷ್ಯೆಯರಲ್ಲಿ ಹಲವರು ದೊಡ್ಡ ದೊಡ್ಡ ಹುದ್ದೆಗಳಲ್ಲಿದ್ದಾರೆ. ಅವರನ್ನೆಲ್ಲ ಬಿಟ್ಟು, ಬದುಕುವ ಭರವಸೆಯಿಲ್ಲದ ರೋಗಿಗಳ ವಾರ್ಡಿನಲ್ಲಿ ದುಡಿಯುವ ನನ್ನಿಂದ ಈ ಅಭಿನಂದನ ಗ್ರಂಥಕ್ಕೆ ಲೇಖನ ಬರೆಸಿದ ಸಮಿತಿಯವರ ಧೈರ್ಯಕ್ಕೆ ಮೊದಲ ನಮಸ್ಕಾರ.

ಮೊದಲ ತರಗತಿಯಲ್ಲಿ ಮೇಡಂ ಹಲಗೆಯ ಮೇಲೆ ಉದ್ದ ಗೆರೆ ಎಳೆದು, ಒಂದು ತುದಿಗೆ ಅತಿ ಇಷ್ಟದ ‘ಅಡೋರ್’, ಇನ್ನೊಂದಕ್ಕೆ ಸಹಿಸಲಾಗದ ‘ಕಾಂಟ್ ಸ್ಟ್ಯಾಂಡ್’, ನಡುವೆ ‘ಫಾಂಡ್ ಆಫ್’, ‘ಲೈಕ್’, ‘ಡೋಂಟ್ ಮೈಂಡ್’ ಎಂದು ಒಣಹಾಕಿದ ಬಟ್ಟೆಗಳಂತೆ ಸಾಲಾಗಿ ಬರೆದರು. ಒಬ್ಬೊಬ್ಬರೂ ತಮ್ಮ ಇಷ್ಟ ಹೇಳಬೇಕಿತ್ತು. ನಾನು ‘ಐ ಲೈಕ್ ನರ್ಸಿಂಗ್’ ಎಂದು ಗಿಳಿಪಾಠ ಒಪ್ಪಿಸಿದೆ.

“ಇದು ನಿಮ್ಮಪ್ಪ ಹೇಳ್ಕೊಟ್ಟಿದ್ದು. ನಿಂದು ಹೇಳು,” ಎಂದರು.

ನನ್ನದು ಎಂಬುದೇ ಇರಲಿಲ್ಲ. ಹತ್ತೊಂಬತ್ತು ವರ್ಷ ಯಾರೂ ಕೇಳಿರಲಿಲ್ಲ. ಗಂಟೆ ಹೊಡೆದು ಉಳಿದವರೆಲ್ಲ ಊಟಕ್ಕೆ ಹೋದರೂ ಮೇಡಂ ಕದಲಲಿಲ್ಲ. ಕೊನೆಗೆ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಇಷ್ಟವೆಂದು ತೊದಲಿದೆ. ಅದಕ್ಕೆ ‘ಫಾಂಡ್ ಆಫ್’ ಸರಿಹೊಂದುತ್ತದೆಂದು ತಾವೇ ನನ್ನ ಪುಸ್ತಕದಲ್ಲಿ ಬರೆದುಕೊಟ್ಟು, ತಮ್ಮ ಬುತ್ತಿಯಲ್ಲಿ ಅರ್ಧ ಕೊಟ್ಟರು.

ಆ ಪಾಠದ ಋಣಕ್ಕೇ, ನಮ್ಮ ವಾರ್ಡಿನ ದಾಖಲಾತಿ ಫಾರಂನಲ್ಲಿ ‘ರೋಗಿಯ ಇಷ್ಟಗಳು’ ಎಂಬ ಖಾನೆಯನ್ನು ಹಟ ಹಿಡಿದು ಸೇರಿಸಿದೆ. ಮಾತು ನಿಂತವರ ಮನಸ್ಸು ತಿಳಿಯಲು ನಮಗೆ ಬೇರೆ ದಾರಿಯಿಲ್ಲ.

ಹೋದ ವರ್ಷ ಮೇಡಂ ತಮ್ಮ ಯಜಮಾನರನ್ನೇ ಅಲ್ಲಿಗೆ ಕರೆತಂದರು. ಅವರಿಗೆ ಮಾತು ನಿಂತಿತ್ತು. ವೈದ್ಯರು ನಾಲ್ಕೈದು ದಿನವೆಂದಿದ್ದರು. ಹೆಸರು, ವಯಸ್ಸು, ಔಷಧಗಳನ್ನು ಮುತ್ತು ಪೋಣಿಸಿದಂತೆ ಬರೆದ ಮೇಡಂ ಆ ಖಾನೆಗೆ ಬಂದು ಪೆನ್ನು ಹಿಡಿದು ಕೂತೇಬಿಟ್ಟರು.

“ಏನ್ ಕೊಟ್ರೂ ‘ಆಗ್ಬಹುದು’ ಅಂತಿದ್ರು ಕಣೇ. ನಾನು ಕೇಳ್ಲೇ ಇಲ್ಲ.”

ನಾಲ್ಕು ದಿನ ಅವರು ಹುಡುಕಿದರು. ಕಿಟಕಿ ತೆರೆದರು, ಮುಚ್ಚಿದರು. ರೇಡಿಯೋ ಹಚ್ಚಿದರು, ಆರಿಸಿದರು. ಮೂವತ್ತೈದು ವರ್ಷ ದಿನಾ ಬೆಳಗ್ಗೆ ಕೊಟ್ಟ ಕಾಫಿಯಲ್ಲೇ ಹತ್ತಿ ಅದ್ದಿ ತುಟಿಗೆ ಮುಟ್ಟಿಸಿದರು. ಯಜಮಾನರು ಮುಖ ತಿರುಗಿಸಿಕೊಂಡರು. ಐದನೆಯ ದಿನ ಅವರು ತೀರಿಕೊಂಡಾಗಲೂ ಖಾನೆ ಖಾಲಿಯಿತ್ತು.

ಅಭಿನಂದನ ಗ್ರಂಥದಲ್ಲಿ ಇದೆಲ್ಲ ಬೇಕೇ ಎಂದು ಸಂಪಾದಕರು ಮುನಿಯಬಹುದು. ‘ಬರಿ’ ಎಂದವರು ಮೇಡಂ ಅವರೇ.

ಕಳೆದ ತಿಂಗಳು ಅವರು ವಾರ್ಡಿಗೆ ಬಂದು ಖಾಲಿ ಫಾರಂ ಕೇಳಿದರು. ಅದೊಂದೇ ಖಾನೆಯನ್ನು, ಜಾಗ ಸಾಲದೆ ಹಾಳೆಯ ಹಿಂಬದಿಗೂ ಹೊರಳಿಸಿ, ತುಂಬಿಸಿಕೊಟ್ಟರು.

“ನಂಗೆ ಮಾತು ನಿಂತಾಗ ನೀನು ತಡಕಾಡೋದು ಬೇಡ. ಇಟ್ಕೋ.”

ಮೊದಲ ಸಾಲು ‘ಕಾಫಿ ಬೇಡ’ ಎಂದಿತ್ತು. ಮುಂದೆ ಓದಲಾಗದೆ ಮಡಚಿ ಡ್ರಾಯರಿನಲ್ಲಿಟ್ಟೆ.

ನಿವೃತ್ತಿಯ ನಂತರವೂ ಮೇಡಂ ಬಹುಕಾಲ ಎಲ್ಲಾದರೂ ಹುಡುಗಿಯರನ್ನು ಹಲಗೆಯ ಮುಂದೆ ನಿಲ್ಲಿಸಿ ಕಾಡುತ್ತಿರಲಿ. ನನಗಿನ್ನೂ ಹದಿನೆಂಟು ವರ್ಷ ಸರ್ವೀಸಿದೆ; ಅಷ್ಟೂ ವರ್ಷ ಆ ಹಾಳೆಯ ಎರಡನೆಯ ಸಾಲು ನನಗೆ ತಿಳಿಯದಿರಲಿ.