ಆ ಮೂರು ಹಾಳೆಗಳು ಬಂದಿದ್ದವು

ಫ್ಯಾಕ್ಸ್ ಬಂದಿತ್ತು. ಬಂದಿಲ್ಲ ಎಂದು ನಾನು ಹೇಳಿದೆ. ಏಳು ಜನ ಕುಳಿತಿದ್ದ ಕೋಣೆಯಲ್ಲಿ, ಅದನ್ನು ಕಳಿಸಿದ ಹೆಂಗಸಿನ ಎದುರಿಗೇ, ಟೈ ಸರಿಮಾಡಿಕೊಳ್ಳುತ್ತಾ ಹೇಳಿದೆ. ಅದಾಗಿ ಐದು ವರ್ಷವಾಯಿತು. ಈ ತಿಂಗಳವರೆಗೆ ಇದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಇಲ್ಲ. ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇಂಗ್ಲಿಷಿನಲ್ಲಿ ನನಗೆ ನುಣುಚಿಕೊಳ್ಳುವ ಮಾತುಗಳು ಬಹಳ ಗೊತ್ತು. ವರದಿ ಬರೆದು ಬರೆದು ಕಲಿತದ್ದು.

ನಾನು ಮೊದಲು ಕರ್ನಾಟಕದ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನು. ಆಮೇಲೆ ವಾಷಿಂಗ್ಟನ್ನಿನ ಒಂದು ಅಭಿವೃದ್ಧಿ ಬ್ಯಾಂಕಿಗೆ ಕಾಂಟ್ರ್ಯಾಕ್ಟಿನ ಮೇಲೆ ಬಂದೆ — ಹೆಸರು ಬೇಡ. ನನ್ನ ಪಾಲಿಗೆ ಬಂದದ್ದು ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪರಾಷ್ಟ್ರ. ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ, ಬಿರುಗಾಳಿ ಮಾತ್ರ ಒಂದು ಖಂಡಕ್ಕೆ ಸಾಕಾಗುವಷ್ಟು. ಅಲ್ಲಿನ ಮೀನುಗಾರರ ಹಳ್ಳಿಗಳಲ್ಲಿ ಚಂಡಮಾರುತ ಬಂದಾಗ ಜನ ಸೇರಿಕೊಳ್ಳಲು ಗಟ್ಟಿಯಾದ ಆಶ್ರಯ ಭವನಗಳನ್ನು ಕಟ್ಟಿಸಲು ಬ್ಯಾಂಕು ನೆರವು ಕೊಟ್ಟಿತ್ತು. ನಕಾಶೆಯಲ್ಲಿ ಬದಲಾವಣೆ ಕೇಳಿದರೆ ಒಪ್ಪುವುದು, ಇಲ್ಲವೇ ತಡೆಯುವುದು — ಅದು ನನ್ನ ಕೆಲಸ.

ಅಲ್ಲಿನ ಸರ್ಕಾರದ ಕಡೆಯ ಎಂಜಿನಿಯರ್ ವೆರ್ನಾ. ಐವತ್ತರ ಹತ್ತಿರದ, ಎತ್ತರದ ಹೆಂಗಸು. ಸೈಟಿಗೆ ಬಂದರೆ ಸ್ಕರ್ಟ್ ಎತ್ತಿ ಕಟ್ಟಿಕೊಂಡು ತಾನೇ ಏಣಿ ಹತ್ತಿ ಮೊಳೆ ಅಲುಗಾಡಿಸಿ ನೋಡುವವಳು. ಎರಡು ಸಲ ನಾನು ದ್ವೀಪಕ್ಕೆ ಹೋದಾಗಲೂ ನನ್ನ ಜೊತೆ ಸುತ್ತಿದ್ದಳು. ಮೂರು ಕಡೆ ನನ್ನ ತಪ್ಪನ್ನೇ ತೋರಿಸಿಕೊಟ್ಟಳು, ಯಾರಿಗೂ ಕೇಳಿಸದ ಹಾಗೆ.

ಬ್ಯಾಂಕಿನಲ್ಲಿ ಒಂದು ಪದ್ಧತಿ ಇತ್ತು. ಗುತ್ತಿಗೆದಾರ ಏನಾದರೂ ಬದಲಾವಣೆ ಬೇಕೆಂದರೆ ಅದು ಅಲ್ಲಿನ ಸರ್ಕಾರದ ಮೂಲಕ ನಮಗೆ ಬರಬೇಕು. ಹದಿನೈದು ದಿನದೊಳಗೆ ನಾವು ಬೇಡ ಎನ್ನದಿದ್ದರೆ ಒಪ್ಪಿದಂತೆಯೇ. ನಮ್ಮ ಹಳೆಯ ಇಲಾಖೆಯಲ್ಲಿ ಇದರ ಉಲ್ಟಾ. ಅಲ್ಲಿ ಫೈಲು ಮಲಗಿಸಿದರೆ ಕೆಲಸವೂ ಮಲಗುತ್ತದೆ. ಉತ್ತರ ಕೊಡದಿರುವುದೇ ಬೇಡ ಎನ್ನುವ ಮರ್ಯಾದಸ್ಥ ದಾರಿ. ಹತ್ತು ವರ್ಷ ಹಾಗೇ ಬದುಕಿದ್ದೆ. ಆ ಅಭ್ಯಾಸದಿಂದ ಹೀಗಾಯಿತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಹೊತ್ತಿಗೆ ಬ್ಯಾಂಕಿಗೆ ಬಂದು ನಾಲ್ಕನೆಯ ವರ್ಷ. ಇಲ್ಲಿ ಸುಮ್ಮನಿರುವುದಕ್ಕೆ ಏನು ಅರ್ಥವೆಂದು — ಗೊತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ವೆರ್ನಾಳ ಫ್ಯಾಕ್ಸ್ ಬಂತು. ಮೂರು ಹಾಳೆ. ಮೊದಲ ಎರಡು ಗುತ್ತಿಗೆದಾರನ ಅರ್ಜಿ, ಮೂರನೆಯದು ಆಕೆಯ ಕೈಬರಹ. ಒಂದು ಹಳ್ಳಿಯ ಭವನದಲ್ಲಿ ಮಾಡಿನ ತೊಲೆಗಳನ್ನು ಗೋಡೆಗೆ ಬಿಗಿಯುವ ಕಬ್ಬಿಣದ ಪಟ್ಟಿಗಳು ಬಂದರಿನಲ್ಲಿ ಸಿಕ್ಕಿಕೊಂಡಿವೆ, ಪಟ್ಟಿ ಬಿಟ್ಟು ಬರೀ ಮೊಳೆ ಹೊಡೆದು ಮುಗಿಸುತ್ತೇನೆ ಎಂದು ಗುತ್ತಿಗೆದಾರ ಹಟ ಹಿಡಿದಿದ್ದಾನೆ, ಮಂತ್ರಿಗಳಿಗೆ ಉದ್ಘಾಟನೆಯ ಆತುರ, ನನ್ನ ಮಾತು ಇಲ್ಲಿ ನಡೆಯುತ್ತಿಲ್ಲ, ನೀವು ಬೇಡವೆಂದರೆ ಮಾತ್ರ ನಿಲ್ಲುತ್ತದೆ, ಒಂದೇ ಸಾಲು ಸಾಕು — ಹೀಗೆ. ‘ಒಂದೇ ಸಾಲು’ ಎಂಬುದರ ಕೆಳಗೆ ಗೆರೆ ಎಳೆದಿದ್ದಳು.

ಒಂದು ಸಾಲು ಬರೆಯಲು ನನಗೆ ಎಷ್ಟು ಹೊತ್ತು ಬೇಕಿತ್ತು? ಬರೆದರೆ ಕೆಲಸ ನಿಲ್ಲುತ್ತಿತ್ತು. ನಿಂತರೆ ಯೋಜನೆಗೆ ತೊಂದರೆಯ ಯೋಜನೆ ಎಂಬ ಹೆಸರು ಅಂಟುತ್ತಿತ್ತು. ಆ ತಿಂಗಳೇ ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯಬೇಕಿತ್ತು. ಅದಿಲ್ಲದಿದ್ದರೆ ವೀಸಾ ಇಲ್ಲ. ನಿನ್ನ ದ್ವೀಪವೊಂದೇ ನನಗೆ ತಲೆನೋವು ಕೊಡದಿರುವುದು ಎಂದು ಮೇಲಧಿಕಾರಿ ವಾರದ ಹಿಂದಷ್ಟೇ ಬೆನ್ನು ತಟ್ಟಿದ್ದ. ಮರುದಿನ ಎಲಿಕಾಟ್ ಸಿಟಿಯಲ್ಲಿ ಕನ್ನಡ ಕೂಟದ ಯುಗಾದಿ, ಸ್ಟೇಜಿನ ಜವಾಬ್ದಾರಿ ನನ್ನದು. ಸೋಮವಾರ ನೋಡೋಣ ಎಂದು ಹಾಳೆಗಳನ್ನು ಟ್ರೇ ಅಡಿಗೆ ತಳ್ಳಿದೆ. ಮರುದಿನ ಆ ಸ್ಟೇಜಿನ ಹಿಂದಿನ ಪರದೆ ಕುಣಿಯುವ ಮಕ್ಕಳ ಮೇಲೆ ಬೀಳಬಾರದೆಂದು ಕಂಬಕ್ಕೆ ಎರಡೆರಡು ಸುತ್ತು ತಂತಿ ಬಿಗಿದವನೂ ನಾನೇ.

ಸೋಮವಾರ ಬಂತು. ಮಂಗಳವಾರವೂ. ಮರೆತೆ ಎಂದರೆ ನೀವು ನಂಬುತ್ತೀರಿ, ಆದರೆ ಮರೆತಿರಲಿಲ್ಲ. ದಿನಾ ಆ ಟ್ರೇ ನೋಡುತ್ತಿದ್ದೆ. ಹದಿನಾರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಮನಸ್ಸಿಗೆ ಹಗುರವಾಯಿತು — ಅದನ್ನು ನೆನೆದರೆ ಈಗಲೂ ಅಸಹ್ಯವಾಗುತ್ತದೆ. ತಿಂಗಳ ಕೊನೆಗೆ ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯಿತು.

ಸೆಪ್ಟೆಂಬರಿನಲ್ಲಿ ಚಂಡಮಾರುತ ಬಂತು. ಊರಿನ ಅರ್ಧ ಜನ ಬರೀ ಮೊಳೆ ಹೊಡೆದು ಮುಗಿಸಿದ್ದ ಆ ಭವನದೊಳಗಿದ್ದರು. ಗೋಡೆಗಳು ನಿಂತವು, ಮಾಡು ಡಬ್ಬಿಯ ಮುಚ್ಚಳದ ಹಾಗೆ ಎದ್ದು ಹೋಯಿತು. ಬಿದ್ದ ತೊಲೆಯ ಅಡಿ ಒಬ್ಬ ಹೆಂಗಸು ಸತ್ತಳು. ಹಿಂದಿನ ದಿನವೆಲ್ಲ ಭವನಕ್ಕೆ ಕುಡಿಯುವ ನೀರು ಹೊತ್ತು ತುಂಬಿಸಿಟ್ಟವಳು ಅವಳೇ ಎಂದು ವರದಿಯಲ್ಲಿತ್ತು. ವರದಿ ಓದಿದ ದಿನ ಸಂಜೆ ಆ ಮೂರು ಹಾಳೆಗಳನ್ನು ಬ್ರೀಫ್‌ಕೇಸಿನಲ್ಲಿಟ್ಟು ಹರ್ನ್‌ಡನ್ನಿನಲ್ಲಿದ್ದ ನಮ್ಮ ಮನೆಗೆ ತಂದೆ. ಹರಿದು ಹಾಕಲಿಲ್ಲ. ಯಾಕೆಂದು — ಇವತ್ತಿಗೂ ತಿಳಿಯದು.

ವೆರ್ನಾಳ ಕಚೇರಿಯೂ ಆ ಗಾಳಿಗೆ ಸಿಕ್ಕಿ ಅಲ್ಲಿದ್ದ ಪ್ರತಿಗಳೆಲ್ಲ ನೀರುಪಾಲಾಗಿದ್ದವು. ಹಾಗಾಗಿ ಬ್ಯಾಂಕು ನಡೆಸಿದ ವಿಚಾರಣೆಗೆ ಉಳಿದದ್ದು ಒಂದೇ ಪ್ರಶ್ನೆ. ಫ್ಯಾಕ್ಸ್ ಬಂದಿದ್ದರೆ ಬ್ಯಾಂಕು, ಎಂದರೆ ನಾನು, ಸುಮ್ಮನಿದ್ದು ಒಪ್ಪಿಕೊಂಡಂತಾಗುತ್ತಿತ್ತು. ಬಂದಿಲ್ಲವಾದರೆ ಆಕೆ ನಮ್ಮನ್ನು ಕೇಳದೆಯೇ ಕೆಲಸ ಮುಗಿಸಲು ಬಿಟ್ಟಂತೆ.

ವಿಚಾರಣೆಗೆಂದು ಆಕೆಯನ್ನು ವಾಷಿಂಗ್ಟನ್ನಿಗೆ ಕರೆಸಿದರು. ನನ್ನ ಹೆಂಡತಿ ಶಾರದಾ ಸುಮ್ಮನಿರುವವಳಲ್ಲ. “ರೀ, ಹೋಟೆಲ್‌ನಲ್ಲಿ ಅದೇನ್ ತಿಂತಾರೋ ಪಾಪ. ಸಂಡೇ ಲಂಚ್‌ಗೆ ಮನೆಗೇ ಕರ್ಕೊಂಡ್ಬನ್ನಿ. ಪಿಕಪ್ ಮಾಡೋಕೆ ನಿಮಗೇನ್ ಕಷ್ಟ?” ಎಂದಳು. ಕರೆತಂದೆ. ಟೋಲ್ ರೋಡಿನಲ್ಲಿ ಬರುವಾಗ ವೆರ್ನಾ ಕಿಟಕಿಯ ಕಡೆ ನೋಡುತ್ತಾ, “ನಾಳೆ ಬೇಗ ಮುಗಿಯುತ್ತೆ ಅಲ್ವಾ, ಮಿಸ್ಟರ್ ಮೂರ್ತಿ? ಫ್ಯಾಕ್ಸ್ ನಿಮ್ಮ ಹತ್ರ ಇದೆಯಲ್ಲ,” ಎಂದಳು. ಹುಡುಕಿಸುತ್ತೇನೆ ಎಂದೆ. ಆಕೆ ಚಪಾತಿಯನ್ನು ಚೂರು ಮಾಡಿ ನನ್ನ ಮಗಳ ಹಾಗೆಯೇ ಸುರುಳಿ ಸುತ್ತಿ ತಿಂದಳು. ಹಾಳೆಗಳು ಮೇಲಿನ ಕೋಣೆಯಲ್ಲಿ, ನಮ್ಮ ವೀಸಾ ಕಾಗದಗಳ ಫೈಲಿನಲ್ಲಿದ್ದವು.

ಮರುದಿನ ನನ್ನ ಸರದಿ ಬಂದಾಗ ಹೇಳಿದೆ. “ನಮಗೆ ಯಾವ ಫ್ಯಾಕ್ಸೂ ಬಂದಿಲ್ಲ.”

ವೆರ್ನಾ ನನ್ನ ಕಡೆ ತಿರುಗಿದಳು. “ನಾನು ಕಳಿಸಿದ್ದೆ,” ಎಂದಳು. ವಿಚಾರಣೆಯ ಅಧ್ಯಕ್ಷರು ಮತ್ತೆ ಕೇಳಿದರು. ಈ ಸಲ ಸ್ವಲ್ಪ ತಡೆದು ಹೇಳಿದಳು, “ಕಳಿಸಿದ್ದೆ ಅಂತಲೇ ನನ್ನ ನೆನಪು.”

ಆ ಎರಡು ಉತ್ತರಗಳ ನಡುವೆ ಎಷ್ಟು ಹೊತ್ತು ಹೋಯಿತು — ಅರ್ಧ ನಿಮಿಷವೂ ಇರಲಾರದು. ಆ ಅರ್ಧ ನಿಮಿಷದಲ್ಲಿ ಆಕೆ ನನ್ನನ್ನು ಸುಳ್ಳುಗಾರ ಎಂದುಕೊಳ್ಳುವ ಬದಲು ತನ್ನನ್ನೇ ಅನುಮಾನಿಸಲು ಶುರುಮಾಡಿದಳು. ನಾನು ಅದನ್ನು ಕಣ್ಣಾರೆ ನೋಡಿದೆ. ನೋಡಿಯೂ ತೆಪ್ಪಗಿದ್ದೆ. ಸಂಜೆ ವಾಷಿಂಗ್ಟನ್ನಿನ ಡಲ್ಲಸ್ ಏರ್‌ಪೋರ್ಟಿಗೆ ನಾನೇ ಬಿಟ್ಟುಬಂದೆ. ಊಟ ಬಹಳ ಚೆನ್ನಾಗಿತ್ತು ಎಂದು ಶಾರದಾಗೆ ಹೇಳಲು ಹೇಳಿದಳು.

ಆಕೆಯ ಕೆಲಸ ಹೋಯಿತು. ಅಷ್ಟು ಸಣ್ಣ ದ್ವೀಪದಲ್ಲಿ ಮುಖ ಎತ್ತಿ ಓಡಾಡುವುದೂ ಆಗಲಿಲ್ಲವಂತೆ. ನಾರ್ತ್ ಕೆರೊಲಿನಾದ ಷಾರ್ಲೆಟ್‌ನಲ್ಲಿ ಅಣ್ಣನ ಮನೆ ಸೇರಿ ಒಂದು ಬಣ್ಣದ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಇದೆಲ್ಲ ನಮಗೆ ತಿಳಿದದ್ದು ಕ್ರಿಸ್‌ಮಸ್ ಕಾರ್ಡುಗಳಿಂದ. ಪ್ರತಿ ವರ್ಷ ಕಳಿಸುತ್ತಿದ್ದಳು, ಶಾರದಾ ಪ್ರತಿ ವರ್ಷ ಉತ್ತರ ಬರೆಯುತ್ತಿದ್ದಳು. ನಾನು ಕೆಳಗೆ ಸಹಿ ಮಾಡುತ್ತಿದ್ದೆ.

ಈ ತಿಂಗಳ ಮೊದಲ ವಾರ ಅಟ್ಲಾಂಟಾದಲ್ಲಿ ಸ್ನೇಹಿತರ ಗೃಹಪ್ರವೇಶ. ಡ್ರೈವ್ ಮಾಡಿಕೊಂಡು ಹೊರಟೆವು. ಷಾರ್ಲೆಟ್ ದಾರಿಯಲ್ಲೇ ಸಿಗುತ್ತದೆ, ನೋಡಿಕೊಂಡೇ ಹೋಗೋಣ ಎಂದು ಶಾರದಾ ಪಟ್ಟು ಹಿಡಿದಳು. ಅಂಗಡಿಯಲ್ಲಿ ವೆರ್ನಾ ನೀಲಿ ಏಪ್ರನ್ ಹಾಕಿಕೊಂಡು ನಿಂತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. ಶಾರದಾ ಮಗಳೊಂದಿಗೆ ಬಣ್ಣದ ಚೀಟಿಗಳನ್ನು ನೋಡಲು ಆ ಕಡೆ ಹೋದಾಗ ವೆರ್ನಾ ನನ್ನನ್ನು ಪಕ್ಕಕ್ಕೆ ಕರೆದಳು.

“ಅದನ್ನೇ ಯೋಚಿಸ್ತಾ ಇರ್ತೀನಿ, ಮಿಸ್ಟರ್ ಮೂರ್ತಿ. ನಮ್ಮ ಫ್ಯಾಕ್ಸ್ ಯಂತ್ರಕ್ಕೆ ಬರಹ ಕೆಳಗೆ ಮಾಡಿ ಇಡಬೇಕಿತ್ತು. ಆವತ್ತು ಅವಸರದಲ್ಲಿ ಮೇಲೆ ಮಾಡಿ ಇಟ್ಟಿರಬೇಕು. ನಿಮಗೆ ಬರೀ ಖಾಲಿ ಹಾಳೆ ಬಂದಿರುತ್ತೆ. ಆ ವಾರ ಖಾಲಿ ಹಾಳೆ ಏನಾದ್ರೂ ಬಂದಿತ್ತಾ?”

ಹೇಳಲು ಅದೇ ಗಳಿಗೆ. ಬಾಯಿ ತೆರೆದೆ — “ಬಂದಿರಬಹುದು,” ಎಂದೆ. ಇದು ನನ್ನ ಎರಡನೆಯ ಸುಳ್ಳು. ಮೊದಲನೆಯದಕ್ಕೆ ವೀಸಾದ ಭಯವಿತ್ತು. ಈ ಹೊತ್ತಿಗೆ ಗ್ರೀನ್ ಕಾರ್ಡ್ ಜೇಬಿನಲ್ಲಿತ್ತು. ಇದಕ್ಕೆ ಯಾವ ಕಾರಣವೂ ಇರಲಿಲ್ಲ.

ಆಕೆ ಬಹಳ ಹೊತ್ತು ತಲೆಯಾಡಿಸಿದಳು. “ಹಾಗಾದ್ರೆ ಅವಳನ್ನ ಕೊಂದಿದ್ದು ನಾನೇ,” ಎಂದಳು. ಅಳಲಿಲ್ಲ. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದ. ಆಕೆ ಬಣ್ಣದ ನಂಬರನ್ನು ಚೀಟಿಯಲ್ಲಿ ಬರೆದು, ಪಕ್ಕದಲ್ಲಿದ್ದ ಇಪ್ಪತ್ತರ ಹುಡುಗಿಗೆ ತೋರಿಸಿ, ಸರಿಯಿದೆಯಾ ನೋಡು ಎಂದು ಎರಡು ಸಲ ಕೇಳಿದಳು. ಏಣಿ ಹತ್ತಿ ಮೊಳೆ ಅಲುಗಾಡಿಸುತ್ತಿದ್ದ ಹೆಂಗಸು.

ಗೃಹಪ್ರವೇಶ ಮುಗಿಯಿತು. ವಾಪಸು ಬರುವಾಗ, ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಹೋದ ಮೇಲೆ, ಶಾರದಾಗೆ ಎಲ್ಲ ಹೇಳಿದೆ. ಅವಳು ಸಮಾಧಾನ ಹೇಳುತ್ತಾಳೆಂದು ಒಳಗೆಲ್ಲೋ ಆಸೆಯಿತ್ತು.

“ಐದು ವರ್ಷ ಆಕೆಗೆ ಕಾರ್ಡ್ ಬರೆದಿದೀನಿ ನಾನು,” ಎಂದಳು. “ಈಗ ನನಗ್ಯಾಕೆ ಹೇಳ್ತಿದ್ದೀರಾ? ಅಯ್ಯೋ ಪಾಪ ಅನ್ನಿಸ್ಕೊಳ್ಳೋಕಾ? ಆಕೆ ನಂಬರ್ ಇದೆಯಲ್ಲ, ಫೋನ್ ಮಾಡಿ.”

ಮಾಡಲು ಒಂಬತ್ತು ದಿನ ಬೇಕಾಯಿತು. ಅಷ್ಟರಲ್ಲಿ ಆ ಮೂರು ಹಾಳೆಗಳ ನಕಲು ತೆಗೆದು, ನಡೆದದ್ದನ್ನು ಬರೆದು, ಒಂದನ್ನು ಬ್ಯಾಂಕಿಗೆ, ಒಂದನ್ನು ದ್ವೀಪದ ಸರ್ಕಾರಕ್ಕೆ ಕಳಿಸಿದೆ. ಬ್ಯಾಂಕಿನವರು ಬಂದು ಕಾಣಲು ಹೇಳಿದ್ದಾರೆ. ಕೆಲಸ ಉಳಿಯುವುದಿಲ್ಲ, ಉಳಿಯಬಾರದು ಕೂಡ. ಸತ್ತವಳ ಮನೆಯವರಿಗೆ ಬರೆಯಬೇಕಾದ ಕಾಗದ ಇನ್ನೂ ಬರೆದಾಗಿಲ್ಲ. ಮೊದಲ ಸಾಲೇ ಹೊಳೆಯುತ್ತಿಲ್ಲ — ಆದರೂ ಬರೆಯುತ್ತೇನೆ.

ಇವತ್ತು ಭಾನುವಾರ. ಬೆಳಿಗ್ಗೆ ಫೋನ್ ಮಾಡಿದೆ. ಕ್ಷೇಮಸಮಾಚಾರ ಶುರುಮಾಡಿದರೆ ಮತ್ತೆ ಜಾರಿಕೊಳ್ಳುತ್ತೇನೆಂದು ಆಕೆ ಹಲೋ ಎಂದ ತಕ್ಷಣ ಹೇಳಿಬಿಟ್ಟೆ. ಫ್ಯಾಕ್ಸ್ ಬಂದಿತ್ತು, ಹಾಳೆಗಳನ್ನು ನೀವು ಸರಿಯಾಗಿಯೇ ಇಟ್ಟಿದ್ದಿರಿ, ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು, ನಾನು ಓದಿದ್ದೆ, ಓದಿ ಬಚ್ಚಿಟ್ಟೆ, ಆಮೇಲೆ ಸುಳ್ಳು ಹೇಳಿದೆ. ಅವಳನ್ನು ಕೊಂದದ್ದು ನೀವಲ್ಲ.

ಬೈಗುಳಕ್ಕೆ ಕಾದೆ. ಬರಲಿಲ್ಲ.

“ಸ್ವಲ್ಪ ಲೈನ್‌ನಲ್ಲಿರಿ,” ಎಂದಳು. “ನಮ್ಮಣ್ಣನ್ನ ಕರೀತೀನಿ. ಇದನ್ನ ಅವನಿಗೂ ಹೇಳಿ. ಇಲ್ಲದಿದ್ರೆ ನಾಳೆ ನಾನು ಸರಿಯಾಗಿ ಕೇಳಿಸ್ಕೊಂಡೆನಾ ಅಂತ ನನಗೇ ಅನುಮಾನ ಬರುತ್ತೆ.”

ಅಣ್ಣ ಬಂದ. ಮೊದಲಿಂದ ಕೊನೆಯವರೆಗೆ ಮತ್ತೆ ಹೇಳಿದೆ. ಅವನು ಒಂದು ಕಾಗದ ತೆಗೆದುಕೊಂಡು, ಇನ್ನೊಂದು ಸಲ ನಿಧಾನವಾಗಿ ಹೇಳಿ, ಬರೆದುಕೊಳ್ಳುತ್ತೇನೆ, ಅವಳ ಹತ್ತಿರ ಇರಲಿ ಎಂದ. ನಿಧಾನವಾಗಿ ಹೇಳಿದೆ. ಕೊನೆಗೆ ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿದ. ಒಂದೊಂದಾಗಿ ಹೇಳಿದೆ.